ಪ್ರಶ್ನೆ ಕೇಳಿದವನನ್ನು ಒಂಟಿ ಬಿಡಬೇಡಿರಿ

(ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೆರಿಗೆ ಇವುಗಳ ಮಾತಿಗೆ ಕೂಡುವ ನಾವು ಇಂದು ಒಬ್ಬ ಪಂಡಿತರ ವಿಷಯವನ್ನು ಏಕೆ ಎತ್ತಬೇಕು ಎಂದು ಕೆಲವರು ಕೇಳಿದರು. ಕೇಳಿದ್ದು ಒಳ್ಳೆಯದೇ ಆಯಿತು. ಅದಕ್ಕೆ ಉತ್ತರ ಹೇಳಲೆಂದೇ ನಾನು ನಿಂತಿದ್ದೇನೆ.

2015ರ ಆಗಸ್ಟ್ 30, ರವಿವಾರ ಬೆಳಿಗ್ಗೆ. ಧಾರವಾಡದ ಕಲ್ಯಾಣನಗರಕ್ಕೆ ಮೋಟಾರ್ ಸೈಕಲ್ ಮೇಲೆ ಇಬ್ಬರು ಬಂದರು. ಡಾ. ಎಂ. ಎಂ. ಕಲಬುರ್ಗಿಯವರ ಮನೆಯ ಬಾಗಿಲು ಬಡಿದರು. 76 ವರ್ಷದ ಆ ಹಿರಿಯರನ್ನು ಅವರ ಮನೆಯಲ್ಲಿಯೇ ಗುಂಡಿಕ್ಕಿ ಕೊಂದು ಹೋದರು.

ಇವರು ಯಾರು? ಸಿಂದಗಿ ತಾಲೂಕಿನ ಹಳ್ಳಿಯಿಂದ ಬಂದು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. ಸಮಗ್ರ ವಚನ ಸಂಪುಟದ ಪ್ರಧಾನ ಸಂಪಾದಕರು. ಶರಣರ ಮಾತುಗಳನ್ನು ಹುಡುಕಿ, ತಿದ್ದಿ, ನಮ್ಮ ಕೈಗೆ ಕೊಡುವುದರಲ್ಲಿ ಆಯುಷ್ಯ ಸವೆಸಿದ ಮನುಷ್ಯನ ಮೇಲೆ ಹೊರಿಸಿದ ಆರೋಪವೇನು? ಧರ್ಮನಿಂದೆ!

ಈ ಗುಂಡು ಒಂದೇ ದಿನದಲ್ಲಿ ಬರಲಿಲ್ಲ. 'ಮಾರ್ಗ'ದ ಲೇಖನಗಳಲ್ಲಿ ಅವರು ಬಸವಣ್ಣನವರ ಮನೆತನದ ಇತಿಹಾಸವನ್ನು ಕುರಿತು ಕೆಲವು ಪ್ರಶ್ನೆಗಳನ್ನು ಎತ್ತಿದ್ದರು. 1989ರಲ್ಲಿ ಗದ್ದಲವೆದ್ದು, ಬೆದರಿಕೆ ಬಂದು, ಬರೆದುದನ್ನು ಹಿಂದೆ ತೆಗೆದುಕೊಳ್ಳಬೇಕಾಯಿತು. ಮನೆಯವರ ಜೀವ ಉಳಿಸಲು ಹಾಗೆ ಮಾಡಿದೆ, ಆದರೆ ಅದು ತನ್ನ ಬೌದ್ಧಿಕ ಆತ್ಮಹತ್ಯೆ ಎಂದು ಅವರೇ ನೊಂದು ಹೇಳಿದರು. ಅಂದು ಅವರ ಬೆನ್ನಿಗೆ ನಿಂತವರು ಎಷ್ಟು ಜನ?

2014ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಮೂಢನಂಬಿಕೆ ತಡೆಯುವ ಮಸೂದೆಯ ಮೇಲೆ ಚರ್ಚೆ ನಡೆಯಿತು. ಅಲ್ಲಿ ಯು. ಆರ್. ಅನಂತಮೂರ್ತಿಯವರು ಬರೆದ ಬಾಲ್ಯದ ಪ್ರಸಂಗವೊಂದನ್ನು ನೆನೆದು ಕಲಬುರ್ಗಿಯವರು ವಿಗ್ರಹಪೂಜೆಯ ಬಗ್ಗೆ ಮಾತಾಡಿದರು. ಕೂಡಲೇ ಪೊಲೀಸ್ ಫಿರ್ಯಾದಿ, ಮನೆಯ ಮುಂದೆ ಘೋಷಣೆ. ಪೊಲೀಸ್ ಕಾವಲೂ ಬಂದಿತು. ಕೊಲೆಯಾದ ದಿನ ಆ ಕಾವಲು ಇರಲಿಲ್ಲ.

ಕಾನೂನು ಏನು ಹೇಳುತ್ತದೆ? 1927ರಲ್ಲಿ ಬ್ರಿಟಿಷರು ಸೇರಿಸಿದ 295ಎ ಕಲಮು 2024ರ ಜುಲೈಯಿಂದ ನ್ಯಾಯ ಸಂಹಿತೆಯ 299ನೆಯ ಕಲಮಾಗಿದೆ. ಬೇಕೆಂದೇ, ದ್ವೇಷದಿಂದ ಧರ್ಮವನ್ನು ಅವಮಾನಿಸಿದರೆ 3 ವರ್ಷದವರೆಗೆ ಸೆರೆ. ಅರಿಯದೆ, ದ್ವೇಷವಿಲ್ಲದೆ ಆಡಿದ ಮಾತು ಇದರೊಳಗೆ ಬಾರದೆಂದು ಸುಪ್ರೀಂ ಕೋರ್ಟು 1957ರಲ್ಲಿಯೇ ಹೇಳಿದೆ. ಆದರೆ ಫಿರ್ಯಾದಿ ಕೊಡುವವನಿಗೆ ತೀರ್ಪಿನ ಗರಜಿಲ್ಲ. ಕೋರ್ಟಿನ ಅಲೆದಾಟ, ವಕೀಲರ ಫೀ, ನೆರೆಹೊರೆಯವರ ಓರೆನೋಟ ಇಷ್ಟೇ ಅವನಿಗೆ ಸಾಕು. ಖಟ್ಲೆಯೇ ಶಿಕ್ಷೆಯಾಗುತ್ತದೆ. ಒಂಟಿಯಾದವನನ್ನು ಹೊಡೆಯುವುದು ಸುಲಭ.

ಇದು ಒಂದು ಧರ್ಮದವರ ರೋಗವೆಂದು ತಿಳಿಯಬೇಡಿರಿ. 2012ರಲ್ಲಿ ಮುಂಬಯಿಯ ಚರ್ಚೊಂದರಲ್ಲಿ ಶಿಲುಬೆಯಿಂದ ನೀರು ತೊಟ್ಟಿಕ್ಕಿತು. ಸನಲ್ ಇಡಮರುಕು ಅವರು ಹೋಗಿ ನೋಡಿ, ಕಟ್ಟಿಕೊಂಡ ಮೋರಿಯ ನೀರು ಗೋಡೆಯೇರಿ ಬರುತ್ತಿದೆ ಎಂದರು. ಅಷ್ಟಕ್ಕೆ ಫಿರ್ಯಾದಿಗಳು ಬಿದ್ದು ಅವರು ಫಿನ್ಲೆಂಡಿಗೆ ಹೋಗಬೇಕಾಯಿತು. ನೈಜೀರಿಯಾದಲ್ಲಿ ಮಾನವತಾವಾದಿ ಸಂಘದ ಅಧ್ಯಕ್ಷ ಮುಬಾರಕ್ ಬಾಲಾ ಅವರನ್ನು ಇಸ್ಲಾಮಿನ ನಿಂದೆಯ ಆರೋಪದ ಮೇಲೆ 2020ರಲ್ಲಿ ಹಿಡಿದರು. 2022ರಲ್ಲಿ 24 ವರ್ಷದ ಸೆರೆ ವಿಧಿಸಿದರು. ಮೇಲಿನ ಕೋರ್ಟು ಅದನ್ನು 5 ವರ್ಷಕ್ಕೆ ಇಳಿಸಿತು; 2025ರಲ್ಲಿ ಬಿಡುಗಡೆಯಾದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಲಬುರ್ಗಿಯವರಿಗಿಂತ ಆರು ತಿಂಗಳು ಮೊದಲು ಕೊಲ್ಹಾಪುರದಲ್ಲಿ ಗುಂಡಿಗೆ ಬಲಿಯಾದ ಗೋವಿಂದ ಪಾನಸರೆ ಕಾರ್ಮಿಕರ ವಕೀಲರು. ಆ ಊರಿನ ಟೋಲ್ ವಸೂಲಿಯ ವಿರುದ್ಧ ವ್ಯಾಪಾರಸ್ಥರೊಡನೆ ಬೀದಿಗಿಳಿದವರು. ದೇವರ ಹೆಸರಿನ ವ್ಯವಹಾರದ ಬಗ್ಗೆ ಪ್ರಶ್ನೆ ಕೇಳುವ ಬಾಯಿ, ಧಣಿಯ ಲೆಕ್ಕದ ಬಗ್ಗೆ ಕೇಳುವ ಬಾಯಿ ಎರಡೂ ಒಂದೇ. ಇಂದು ಪಂಡಿತನ ಬಾಯಿ ಮುಚ್ಚಿದರೆ, ನಾಳೆ ಬೋನಸ್ಸಿನ ಲೆಕ್ಕ ಕೇಳಿದ ಕೆಲಸಗಾರನಿಗೂ ಜಾತ್ರೆಯ ಪಟ್ಟಿಯ ಲೆಕ್ಕ ಕೇಳಿದ ಅಂಗಡಿಕಾರನಿಗೂ ಅದೇ ಗತಿ.

ತಡವಾದ ನ್ಯಾಯದ ಬೆಲೆಯನ್ನೂ ಕಂಡೆವು. ಧಾರವಾಡದಲ್ಲಿ ಹಾರಿದ ಪಿಸ್ತೂಲೇ 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರ ಮೇಲೂ ಹಾರಿತೆಂದು ತನಿಖೆಯವರು ಹೇಳಿದರು. ಕಲಬುರ್ಗಿಯವರ ಪತ್ನಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2019ರಲ್ಲಿ, ಆರು ಜನರ ಮೇಲೆ ಆರೋಪಪಟ್ಟಿ ಸಲ್ಲಿಕೆಯಾಯಿತು. ಕೊಲೆಯಾಗಿ ಆಗಲೇ ನಾಲ್ಕು ವರ್ಷ!

ಅವರು ಬರೆದುದನ್ನೆಲ್ಲ ಒಪ್ಪಿರೆಂದು ನಾನು ಹೇಳುವುದಿಲ್ಲ. ಒಪ್ಪದವರು ಬರೆಯಲಿ, ಸಭೆ ಕರೆದು ಖಂಡಿಸಲಿ. ವೈಜ್ಞಾನಿಕ ಮನೋಭಾವ, ಮಾನವತಾವಾದ, ಜಿಜ್ಞಾಸೆ ಇವುಗಳನ್ನು ಬೆಳೆಸುವುದು ಪ್ರತಿಯೊಬ್ಬನ ಕರ್ತವ್ಯವೆಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. ಆ ಕರ್ತವ್ಯಕ್ಕೆ ಪಂಡಿತರೇ ಆಗಬೇಕಿಲ್ಲ. ನಿಮ್ಮ ಓಣಿಯಲ್ಲಿ ಒಬ್ಬನ ಮೇಲೆ ಧರ್ಮನಿಂದೆಯ ಕೂಗು ಎದ್ದರೆ, ಮೊದಲು ಅವನು ಏನು ಹೇಳಿದನೆಂದು ಕೇಳಿರಿ. ಗುಂಪಿನ ಹಿಂದೆ ಓಡಬೇಡಿರಿ. ಹತ್ತು ಜನ ಹೋಗಿ ಅವನ ಕಟ್ಟೆಯ ಮೇಲೆ ಕುಳಿತುಕೊಳ್ಳಿರಿ.

ಕಲ್ಯಾಣನಗರದ ಆ ಬಾಗಿಲಲ್ಲಿ ನಾವು ಅಂದು ಇರಲಿಲ್ಲ. ಇನ್ನೊಂದು ಬಾಗಿಲಲ್ಲಿಯಾದರೂ ಇರೋಣ.