ಬ್ರೇಕಿನ ಸದ್ದು: ಕಾರಣ ಗುರುತಿಸುವುದು ಮತ್ತು ಸರಿಯಾದ ಪ್ಯಾಡ್ ಆರಿಸುವುದು

(ಗರುಡಾಚಾರ್‌ಪಾಳ್ಯದಲ್ಲಿ ವಾಹನವುಳ್ಳ ರೈತರಿಗಾಗಿ ಮಾಡಿದ ಭಾಷಣದ ಪಾಠ)



ಎತ್ತಿನ ಗಾಡಿಯ ಕಾಲದಲ್ಲಿ ಅಚ್ಚು ಕಿರುಗುಟ್ಟಿದರೆ ಕೀಲೆಣ್ಣೆ ಹಾಕಬೇಕೆಂಬುದು ಮನೆಯ ಮಕ್ಕಳಿಗೂ ಗೊತ್ತಿತ್ತು. ಈಗ ಅನೇಕ ರೈತರ ಮನೆಯ ಮುಂದೆ ಕಾರೋ, ತರಕಾರಿ ಸಾಗಿಸುವ ಪಿಕಪ್ ವಾಹನವೋ ನಿಂತಿರುತ್ತದೆ. ಇವುಗಳ ಬ್ರೇಕ್ ಕಿರುಗುಟ್ಟಿದರೆ ಮಾತ್ರ ಎಣ್ಣೆ ಹಾಕುವಂತಿಲ್ಲ. ಹನಿ ಎಣ್ಣೆ ತಾಗಿದರೂ ಬ್ರೇಕ್ ಹಿಡಿಯದೆ ಜಾರುತ್ತದೆ. ಆದುದರಿಂದ ಸದ್ದಿನ ಕಾರಣವನ್ನು ತಿಳಿದುಕೊಂಡೇ ಪರಿಹಾರ ಮಾಡತಕ್ಕದ್ದು.

ಈ ಗರುಡಾಚಾರ್‌ಪಾಳ್ಯ ಒಂದು ಕಾಲಕ್ಕೆ ಹೊಲಗದ್ದೆಗಳ ನಡುವಿನ ಹಳ್ಳಿಯಾಗಿತ್ತು. 2023ರ ಮಾರ್ಚ್ ತಿಂಗಳಲ್ಲಿ ವೈಟ್‌ಫೀಲ್ಡ್–ಕೃಷ್ಣರಾಜಪುರ ಮೆಟ್ರೋ ಆರಂಭವಾಗಿ ಇಲ್ಲಿಗೂ ನಿಲ್ದಾಣ ಬಂದಿದೆ. ಹೊಸಕೋಟೆ, ಕೋಲಾರದ ಕಡೆಯಿಂದ ಟೊಮ್ಯಾಟೊ, ಸೊಪ್ಪು ತುಂಬಿಕೊಂಡು ಹಳೇ ಮದರಾಸು ರಸ್ತೆಯಲ್ಲಿ ಬರುವ ರೈತ ಕೃಷ್ಣರಾಜಪುರದ ದಟ್ಟಣೆಯಲ್ಲಿ ಹೆಜ್ಜೆಹೆಜ್ಜೆಗೂ ಬ್ರೇಕ್ ಒತ್ತಬೇಕಾಗುತ್ತದೆ. ಬ್ರೇಕ್ ಬೇಗ ಸವೆಯುವುದು ಇಂಥ ಓಡಾಟದಲ್ಲಿಯೇ.

ಬ್ರೇಕ್ ಕೆಲಸ ಮಾಡುವ ಬಗೆ

ಸಾಮಾನ್ಯವಾಗಿ ಕಾರು ಮತ್ತು ಪಿಕಪ್‌ಗಳ ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕ್, ಹಿಂದಿನವಕ್ಕೆ ಡ್ರಮ್ ಬ್ರೇಕ್ ಇರುತ್ತದೆ. ಪೆಡಲ್ ಒತ್ತಿದಾಗ ಎರಡು ಪ್ಯಾಡ್‌ಗಳು ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುತ್ತವೆ. ವಾಹನದ ಓಟವೆಲ್ಲ ಶಾಖವಾಗಿ ಮಾರ್ಪಡುತ್ತದೆ. ವೇಗ ಗಂಟೆಗೆ 40ರಿಂದ 60 ಕಿ.ಮೀ.ಗೆ ಏರಿದರೆ ಈ ಶಾಖ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು ಆಗುತ್ತದೆ. ಹೇರು ಹೆಚ್ಚಿದಷ್ಟೂ ಶಾಖವೂ ಹೆಚ್ಚು. ಹಿಡಿತದಲ್ಲಿ ಎಲ್ಲಿಯಾದರೂ ಅದುರು ಉಂಟಾದರೆ ಅದೇ ನಮ್ಮ ಕಿವಿಗೆ ಸದ್ದಾಗಿ ಕೇಳುತ್ತದೆ.

ಸದ್ದಿನಿಂದ ದೋಷ ತಿಳಿಯುವುದು

1. ಬೆಳಿಗ್ಗೆ ಮಾತ್ರ ಕೇಳುವ ಕರಕರ: ಮಳೆ ಅಥವಾ ಇಬ್ಬನಿಯಿಂದ ಡಿಸ್ಕಿನ ಮೇಲೆ ತೆಳುವಾದ ತುಕ್ಕು ಕಟ್ಟಿರುತ್ತದೆ. ನಾಲ್ಕೈದು ಬಾರಿ ಬ್ರೇಕ್ ಒತ್ತಿದ ಮೇಲೆ ಸದ್ದು ನಿಂತರೆ ಚಿಂತೆ ಬೇಡ.

2. ಬಿಡದೆ ಕೇಳುವ ಕೀರಲು ಸದ್ದು: ಅನೇಕ ಪ್ಯಾಡ್‌ಗಳಿಗೆ ಒಂದು ಸಣ್ಣ ಉಕ್ಕಿನ ನಾಲಿಗೆ ಇರುತ್ತದೆ. ಪ್ಯಾಡ್ ಸವೆದು ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕೀರಲುತ್ತದೆ. ಇದು ಎಚ್ಚರಿಕೆಯ ಗಂಟೆ. ಕೂಡಲೇ ಗಾಲಿ ಬಿಚ್ಚಿಸಿ ನೋಡಬೇಕು.

3. ಪ್ಯಾಡ್ ದಪ್ಪವಾಗಿದ್ದರೂ ಬ್ರೇಕ್ ಒತ್ತಿದಾಗ ಕೀರಲು: ಅತಿ ಶಾಖದಿಂದ ಪ್ಯಾಡಿನ ಮೈ ಗಾಜಿನಂತೆ ನುಣುಪಾಗಿರಬಹುದು. ಇಲ್ಲವೇ ಪ್ಯಾಡಿನ ಬೆನ್ನಿಗೆ ಹಾಕುವ ತೆಳು ತಗಡು ಬಿದ್ದುಹೋಗಿರಬಹುದು.

4. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು: ಪ್ಯಾಡ್ ಪೂರ್ತಿ ಸವೆದು ಅದರ ಉಕ್ಕಿನ ಬೆನ್ನೇ ಡಿಸ್ಕನ್ನು ಕೆರೆಯುತ್ತಿದೆ ಎಂದರ್ಥ. ವಾಹನವನ್ನು ಅಲ್ಲಿಯೇ ನಿಲ್ಲಿಸತಕ್ಕದ್ದು. ಇನ್ನೂ ಓಡಿಸಿದರೆ ಪ್ಯಾಡಿನ ಖರ್ಚಿನ ಜೊತೆಗೆ ಡಿಸ್ಕಿನ ಖರ್ಚೂ ಬೀಳುತ್ತದೆ; ಪ್ರಾಣಾಪಾಯವಂತೂ ಇದ್ದೇ ಇದೆ.

5. ಬ್ರೇಕ್ ಒತ್ತದಿದ್ದಾಗಲೂ ಸದ್ದು: ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿರಬಹುದು, ಅಥವಾ ಕ್ಯಾಲಿಪರ್ ಬಿಗಿಹಿಡಿದಿರಬಹುದು. ಓಡಿಸಿ ಬಂದ ಮೇಲೆ ಒಂದು ಗಾಲಿಯ ಬಳಿ ಮಾತ್ರ ಹೆಚ್ಚು ಬಿಸಿ, ಸುಟ್ಟ ವಾಸನೆ ಇದ್ದರೆ ಕ್ಯಾಲಿಪರ್ ದೋಷವೆಂದು ತಿಳಿಯಬಹುದು. ಡಿಸ್ಕನ್ನು ಕೈಯಿಂದ ಮುಟ್ಟಬೇಡಿ.

6. ಟಕ್ ಟಕ್ ಸದ್ದು: ಪ್ಯಾಡ್ ಹಿಡಿಯುವ ಕ್ಲಿಪ್ಪುಗಳು ಸಡಿಲವಾಗಿರಬಹುದು ಅಥವಾ ಹಾಕದೆಯೇ ಬಿಟ್ಟಿರಬಹುದು.

ಬ್ರೇಕ್ ಒತ್ತಿದಾಗ ವಾಹನ ಒಂದೇ ಕಡೆಗೆ ಎಳೆದರೆ, ಅಥವಾ ಪೆಡಲ್ ಮೆತ್ತಗಾಗಿ ಕೆಳಗಿಳಿದರೆ, ಸದ್ದಿಲ್ಲದಿದ್ದರೂ ಆ ವಾಹನವನ್ನು ರಸ್ತೆಗೆ ಇಳಿಸಬಾರದು.

ಪ್ಯಾಡ್ ಆಯ್ಕೆ

ಪ್ಯಾಡಿನ ಉಜ್ಜುವ ಭಾಗ 3 ಮಿ.ಮೀ.ಗೆ ಇಳಿದರೆ ಬದಲಿಸುವುದು ಕ್ಷೇಮ. ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಬೇಗ ಸವೆದಿರಬಹುದಾದ್ದರಿಂದ ಎರಡನ್ನೂ ನೋಡಬೇಕು. ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆ ದೊರಕುತ್ತವೆ.

(ಅ) ನಾರು ಮತ್ತು ಅಂಟಿನಿಂದ ಮಾಡಿದ್ದು: ಸದ್ದು ಕಡಿಮೆ, ಡಿಸ್ಕಿಗೆ ಮೃದು. ಹೆಚ್ಚು ಶಾಖ ತಡೆಯದು, ಬೇಗ ಸವೆಯುತ್ತದೆ.

(ಆ) ಲೋಹದ ಪುಡಿ, ಎಳೆ ಬೆರೆತದ್ದು: ಶಾಖ ತಡೆಯುತ್ತದೆ, ಹೇರಿನ ವಾಹನಕ್ಕೆ ಒಗ್ಗುತ್ತದೆ. ಸದ್ದು ಸ್ವಲ್ಪ ಹೆಚ್ಚು, ಡಿಸ್ಕನ್ನೂ ಹೆಚ್ಚು ಸವೆಸುತ್ತದೆ.

(ಇ) ಸಿರಾಮಿಕ್: ಸದ್ದೂ ಧೂಳೂ ಕಡಿಮೆ, ಬೆಲೆ ಹೆಚ್ಚು.

ಇವುಗಳಲ್ಲಿ ಯಾವುದು ಉತ್ತಮ ಎನ್ನುವುದಕ್ಕಿಂತ ನಿಮ್ಮ ವಾಹನಕ್ಕೆ ತಯಾರಕರು ಯಾವುದನ್ನು ಹೇಳಿದ್ದಾರೆ ಎಂಬುದೇ ಮುಖ್ಯ. ಅಂಗಡಿಗೆ ಹೋಗುವಾಗ ವಾಹನದ ಮಾದರಿ, ತಯಾರಾದ ವರ್ಷ ಮತ್ತು ಬಿಡಿಭಾಗದ ಸಂಖ್ಯೆಯನ್ನು ಬರೆದುಕೊಂಡು ಹೋಗಿ. ಮೊಹರಾದ ಪೆಟ್ಟಿಗೆ, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ ಇವೆಯೇ ಎಂದು ನೋಡಿ, ರಸೀದಿ ಪಡೆಯಿರಿ. ಕಲ್ನಾರು ಇಲ್ಲದ್ದೆಂದು ನಮೂದಿಸಿರುವುದನ್ನೇ ಆರಿಸಿ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಬಾಗಿಲು, ಕನ್ನಡಿ, ದೀಪ ಮುಂತಾದವನ್ನು ಹಳೆಯದು ಕೊಂಡು ಹಣ ಉಳಿಸಬಹುದು. ಬ್ರೇಕ್ ಪ್ಯಾಡನ್ನು ಮಾತ್ರ ಎಂದಿಗೂ ಹಳೆಯದು ಕೊಳ್ಳಬಾರದು.

ಅಳವಡಿಸುವಾಗ ಗಮನಿಸಬೇಕಾದ ಅಂಶಗಳು

* ಒಂದು ಗಾಲಿಗೆ ಮಾತ್ರ ಹೊಸ ಪ್ಯಾಡ್ ಹಾಕಬಾರದು. ಎಡ-ಬಲ ಎರಡೂ ಗಾಲಿಗಳಿಗೆ ಒಟ್ಟಿಗೆ ಬದಲಿಸಬೇಕು.

* ವಾಹನವನ್ನು ಬರಿಯ ಜಾಕಿನ ಮೇಲೆ ನಿಲ್ಲಿಸಿ ಕೆಲಸ ಮಾಡಬಾರದು. ಭದ್ರವಾದ ಸ್ಟ್ಯಾಂಡ್ ಕೊಡಬೇಕು.

* ಬ್ರೇಕಿನ ಧೂಳನ್ನು ಗಾಳಿಯಿಂದ ಊದಬಾರದು. ಹಳೆಯ ಪ್ಯಾಡ್‌ಗಳಲ್ಲಿ ಕಲ್ನಾರು ಇದ್ದರೆ ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವಾಗುತ್ತದೆ. ಮೂಗಿಗೆ ಮುಸುಕು ಧರಿಸಿ, ಒದ್ದೆ ಬಟ್ಟೆಯಿಂದ ಒರೆಸಬೇಕು.

* ಡಿಸ್ಕಿನ ದಪ್ಪವನ್ನು ಅಳೆಯಿಸಿ. ಎಷ್ಟು ತೆಳುವಾಗುವವರೆಗೆ ಬಳಸಬಹುದೆಂಬುದು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೆತ್ತಿರುತ್ತದೆ.

* ಕ್ಯಾಲಿಪರ್ ಜಾರುವ ಪಿನ್ನುಗಳಿಗೆ ಬ್ರೇಕಿಗೆಂದೇ ಇರುವ ಗ್ರೀಸ್ ಮಾತ್ರ ಹಚ್ಚಬೇಕು. ಸಾಮಾನ್ಯ ಗ್ರೀಸಿನಿಂದ ರಬ್ಬರ್ ಉಬ್ಬುತ್ತದೆ. ಪ್ಯಾಡಿನ ಮುಖಕ್ಕೂ ಡಿಸ್ಕಿಗೂ ಯಾವ ಗ್ರೀಸೂ ತಾಗಕೂಡದು.

* ಬ್ರೇಕ್ ಆಯಿಲ್ ಡಬ್ಬಿಗೆ ಎಂಜಿನ್ ಆಯಿಲ್ ಹಾಕಬಾರದು. ಬ್ರೇಕ್ ಆಯಿಲ್ ನೀರಿನ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

* ಕೆಲಸ ಮುಗಿದ ಮೇಲೆ ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಿ, ಆಮೇಲಷ್ಟೇ ವಾಹನ ಚಾಲೂ ಮಾಡಬೇಕು. ಇದನ್ನು ಮರೆತರೆ ಮೊದಲ ತಿರುವಿನಲ್ಲಿ ಬ್ರೇಕ್ ಸಿಗದೆ ಹೋಗಬಹುದು.

* ಮೊದಲ 200–300 ಕಿ.ಮೀ. ವರೆಗೆ, ಅನಿವಾರ್ಯವಲ್ಲದಿದ್ದರೆ, ಗಟ್ಟಿಯಾಗಿ ಬ್ರೇಕ್ ಒತ್ತದೆ ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಬಿಡಬೇಕು.

ಓಡಿಸುವ ಕ್ರಮ

ನಂದಿ ಬೆಟ್ಟದಂತಹ ಇಳಿಜಾರಿನಲ್ಲಿ ಗೇರ್ ತಪ್ಪಿಸಿ, ಬ್ರೇಕಿನ ಮೇಲೆಯೇ ಕಾಲಿಟ್ಟು ಇಳಿಯಬಾರದು. ಕೆಳಗಿನ ಗೇರಿನಲ್ಲಿ ಎಂಜಿನ್ನೇ ವೇಗವನ್ನು ತಡೆಯಲಿ. ಡೀಸೆಲ್ ಉಳಿಸುವ ಆಸೆಯಿಂದ ಎಂಜಿನ್ ಆರಿಸಿ ಇಳಿಯುವುದು ಇನ್ನೂ ಅಪಾಯಕರ. ಪೆಡಲಿಗೆ ಸಹಾಯ ಕೊಡುವ ಬೂಸ್ಟರ್ ಕೆಲಸ ನಿಲ್ಲಿಸುತ್ತದೆ. ನಿಗದಿಗಿಂತ ಹೆಚ್ಚು ಹೇರಿದ ವಾಹನಕ್ಕೆ ಎಷ್ಟು ಬೆಲೆಯ ಪ್ಯಾಡ್ ಹಾಕಿದರೂ ಫಲವಿಲ್ಲ.

ಟ್ರಾಕ್ಟರ್ ಇರುವವರಿಗೂ ಒಂದು ಮಾತು. ಹೊಲದಲ್ಲಿ ತಿರುಗಿಸಲು ಎಡ ಮತ್ತು ಬಲ ಬ್ರೇಕ್ ಪೆಡಲ್‌ಗಳನ್ನು ಬೇರೆಬೇರೆಯಾಗಿ ಬಳಸುತ್ತೇವೆ. ರಸ್ತೆಗೆ ಬರುವ ಮುನ್ನ ಅವೆರಡನ್ನೂ ಕೊಂಡಿಯಿಂದ ಜೋಡಿಸಲೇಬೇಕು. ಇಲ್ಲದಿದ್ದರೆ ಒಂದೇ ಗಾಲಿ ನಿಂತು ಟ್ರಾಕ್ಟರ್ ಮಗುಚುವ ಸಂಭವವಿದೆ.

ವಿಸ್ತರಣಾ ಕಾರ್ಯಕರ್ತರು ಯಂತ್ರೋಪಕರಣಗಳ ಬಗ್ಗೆ ತಿಳಿಸುವಾಗ ಈ ವಿಷಯವನ್ನೂ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ. ಬೆಳೆಗೆ ರೋಗ ತಗುಲಿದರೆ ಎಲೆಯ ಚುಕ್ಕೆ ನೋಡಿಯೇ ಎಚ್ಚೆತ್ತುಕೊಳ್ಳುವ ರೈತನಿಗೆ ಬ್ರೇಕಿನ ಸದ್ದು ಕೇಳಿ ಎಚ್ಚೆತ್ತುಕೊಳ್ಳುವುದು ಕಷ್ಟವಲ್ಲ. ಪ್ರತಿ ಸುಗ್ಗಿಗೆ ಮುನ್ನ ಒಮ್ಮೆ ನಾಲ್ಕೂ ಗಾಲಿ ಬಿಚ್ಚಿಸಿ ಬ್ರೇಕ್ ನೋಡಿಸಿರಿ. ವಾಹನದಲ್ಲಿ ಮಾಲಷ್ಟೇ ಅಲ್ಲ, ಮನೆಯವರೂ ಕೂತಿರುತ್ತಾರೆ.