ಹೊಗೆಗೂಡು ಕಟ್ಟೋ ಮೊದಲು: ದುಡ್ಡು ಗೋಡೆಗಲ್ಲ, ಗಾಳಿಗೆ

ಸುಳ್ಯ, ಕಡಬ, ಬೆಳ್ತಂಗಡಿ ಕಡೆಯ ಕೇಳುಗರು ಒಂದೇ ಪ್ರಶ್ನೆಯನ್ನ ಬೇರೆ ಬೇರೆ ರೀತಿಯಲ್ಲಿ ಕೇಳ್ತಾ ಇದ್ದೀರಿ. “ಮನೆ ಹಿಂದೆ ರಬ್ಬರ್ ಶೀಟಿಗೆ ಒಂದು ಹೊಗೆಗೂಡು ಕಟ್ಟಬೇಕು, ಒಳಗೆ ನಿಂತು ಕೆಲಸ ಮಾಡೋಷ್ಟು ದೊಡ್ಡದು. ಕೆಂಪುಕಲ್ಲಾ, ಸಿಮೆಂಟ್ ಬ್ಲಾಕಾ, ತಗಡು ಸಾಕಾ?” ಇವತ್ತಿನ ಎಪಿಸೋಡ್ ಅದಕ್ಕೇ.

ನಾನು ಬಿ.ಕಾಂ. ಓದಿದವನು, ಮೇಸ್ತ್ರಿ ಅಲ್ಲ. ಹಾಗಾಗಿ ಲೆಕ್ಕದಿಂದ ಶುರು ಮಾಡಿ ಆಮೇಲೆ ಕಲ್ಲು, ಹಂಚಿಗೆ ಬರ್ತೀನಿ.

ರಬ್ಬರ್ ತೋಟ ನೋಡದವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಬೆಳಗ್ಗೆ ಮರದಿಂದ ಇಳಿಸಿದ ಹಾಲಿಗೆ ನೀರು, ಆಮೇಲೆ ಸ್ವಲ್ಪ ಫಾರ್ಮಿಕ್ ಆಸಿಡ್ ಸೇರಿಸಿ ಟ್ರೇಯಲ್ಲಿ ಹೆಪ್ಪು ಹಾಕ್ತಾರೆ. ಗಟ್ಟಿಯಾದ ಮೇಲೆ ರೋಲರಿಗೆ ಕೊಟ್ಟರೆ ಬಿಳಿ ಶೀಟು ಸಿಗುತ್ತೆ. ನೀರು ಇಳಿದ ಮೇಲೆ ಅದನ್ನ ಹೊಗೆ ಮತ್ತು ಬಿಸಿಯಲ್ಲಿ ಸುಮಾರು 4 ದಿನ ಒಣಗಿಸಬೇಕು. ಬಿಸಿ ನೀರನ್ನ ತೆಗೆಯುತ್ತೆ, ಹೊಗೆಯಲ್ಲಿರೋ ಅಂಶ ಬೂಷ್ಟು ಬರದ ಹಾಗೆ ನೋಡ್ಕೊಳ್ಳುತ್ತೆ. ಜೇನಿನ ಬಣ್ಣದ, ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣೋ ಶೀಟು ಬಂದರೆ ಗೆದ್ದ ಹಾಗೆ. ಅದಕ್ಕೆ ಆರ್‌ಎಸ್‌ಎಸ್ 1ರಿಂದ 5ರವರೆಗೆ ಗ್ರೇಡ್ ಇದೆ. ಪೇಪರಲ್ಲಿ ದಿನಾ ಬರೋ ಕೊಟ್ಟಾಯಂ ರೇಟು ಸಾಮಾನ್ಯವಾಗಿ ಆರ್‌ಎಸ್‌ಎಸ್ 4ರದ್ದು.

ಬಿಸಿಲಿದ್ದಾಗ ಅಂಗಳದಲ್ಲಿ ಹೇಗೋ ನಡೆಯುತ್ತೆ. ಮಳೆಗಾಲದಲ್ಲಿ ಶೀಟು ಅಡುಗೆಮನೆ ಒಲೆಯ ಮೇಲಕ್ಕೋ ಬಚ್ಚಲ ಒಲೆ ಹತ್ತಿರಕ್ಕೋ ಬರುತ್ತೆ. ಆ ವಾಸನೆ, ಆ ಹೊಗೆ ದಿನಾ ಕುಡಿಯೋದು ಅಮ್ಮಂದಿರು. ಒಂದು ಕಿಡಿ ಹಾರಿದರೆ ಮನೆಯೇ ಹೋಗುತ್ತೆ. ಹಾಗಾಗಿ ಪ್ರತ್ಯೇಕ ಕೋಣೆ ಬೇಕು ಅನ್ನೋದು ಬರೀ ರೇಟಿನ ಆಸೆ ಅಲ್ಲ.

ಈಗ ಲೆಕ್ಕ. ದಿನಕ್ಕೆ 50 ಶೀಟು ಅಂದ್ಕೊಳ್ಳಿ. ಒಣಗಿದ ಮೇಲೆ ಒಂದೊಂದು ಅರ್ಧ ಕೆಜಿ ಅಂದ್ರೆ ದಿನಕ್ಕೆ 25 ಕೆಜಿ. ಒಂದು ಶೀಟು ಒಳಗೆ 4 ದಿನ ಇರುತ್ತೆ. ಅಂದ್ರೆ ಕೋಣೆಯಲ್ಲಿ ಜಾಗ ಬೇಕಿರೋದು 50ಕ್ಕಲ್ಲ, 200 ಶೀಟಿಗೆ. ಗೋಡೌನ್ ಲೆಕ್ಕನೇ ಇದು.

ಇನ್ನೊಂದು ಲೆಕ್ಕ ಇದೆ. ಹೊಗೆಗೂಡು ನಿಮಗೆ ತಂದುಕೊಡೋದು ಶೀಟಿನ ಪೂರ್ತಿ ಬೆಲೆ ಅಲ್ಲ. ಸರಿಯಾಗಿ ಒಣಗದ ಶೀಟಿಗೂ ಒಳ್ಳೆ ಗ್ರೇಡಿಗೂ ಇರೋ ವ್ಯತ್ಯಾಸ ಮಾತ್ರ. ಆ ವ್ಯತ್ಯಾಸ ಕೆಜಿಗೆ 10 ರೂಪಾಯಿ, ವರ್ಷಕ್ಕೆ 120 ದಿನ ಟ್ಯಾಪಿಂಗ್ ಅಂತಿಟ್ಕೊಳ್ಳಿ. 3,000 ಕೆಜಿಗೆ 30,000 ರೂಪಾಯಿ. ಇದು ಉದಾಹರಣೆ ಅಷ್ಟೇ, ನಿಮ್ಮ ಅಂಗಡಿಯ ರೇಟು, ನಿಮ್ಮ ದಿನಗಳನ್ನ ಹಾಕಿ ನೋಡಿ. ದಿನಕ್ಕೆ 10-15 ಶೀಟು ಮಾಡೋರಿಗೆ ಸ್ವಂತ ಕೋಣೆ ಕಟ್ಟೋದಕ್ಕಿಂತ ರಬ್ಬರ್ ಉತ್ಪಾದಕರ ಸಂಘದ ಹೊಗೆಗೂಡು ಇದ್ದರೆ ಅದೇ ಲಾಭ.

ಲೆಕ್ಕ ಕೂಡಿ ಬಂತು, ಕಟ್ಟೋದೇ ಅಂತಾಯ್ತು. ಇಲ್ಲಿ ಹೆಚ್ಚಿನವರ ದುಡ್ಡು ಗೋಡೆಗೆ ಹೋಗುತ್ತೆ. ನನ್ನ ಮಾತು ಏನಂದ್ರೆ, ಹೊಗೆಗೂಡು ಹೊಗೆ ತುಂಬಿಸಿಡೋ ಪೆಟ್ಟಿಗೆ ಅಲ್ಲ. ಕೆಳಗಿಂದ ಬಿಸಿ ಬಂದು, ಶೀಟಿನ ನೀರು ಹೊತ್ಕೊಂಡು, ಮೇಲಿಂದ ಆಚೆ ಹೋಗೋ ದಾರಿ. ಆ ದಾರಿ ಕಟ್ಟಿಹೋದರೆ ಎಷ್ಟು ದಪ್ಪದ ಗೋಡೆ ಇದ್ದರೂ ಶೀಟು ಬೇಯುತ್ತೆ, ಒಣಗಲ್ಲ.

ಗೋಡೆಗೆ ಕೆಂಪುಕಲ್ಲು, ಇಟ್ಟಿಗೆ, ಸಿಮೆಂಟ್ ಬ್ಲಾಕ್, ಮೂರೂ ಆಗುತ್ತೆ. ಹತ್ತಿರದಲ್ಲಿ ಯಾವುದು ಕಮ್ಮಿಗೆ ಸಿಗುತ್ತೋ ಅದು. ಕೆಂಪುಕಲ್ಲಾದರೆ ಹೊರಗೆ ಗಾರೆ ಮಾಡಿ, ಮಳೆಗೆ ಅದು ನೀರು ಕುಡಿಯುತ್ತೆ. ಸಂದುಗಳನ್ನ ಮಾತ್ರ ಬಿಡಬೇಡಿ.

ಮಾಡು ಮುಖ್ಯ. ಬರೀ ತಗಡು ಹಾಕಿದರೆ ರಾತ್ರಿ ತಣ್ಣಗಾಗುತ್ತೆ, ಆವಿ ಅದಕ್ಕೆ ಬಡಿದು ನೀರಾಗಿ, ಮಸಿ ಸೇರಿ ಕಪ್ಪು ಹನಿಯಾಗಿ ಶೀಟಿನ ಮೇಲೆ ಬೀಳುತ್ತೆ. ನಾಲ್ಕು ದಿನದ ಕೆಲಸಕ್ಕೆ ಒಂದು ಹನಿ ಕಲೆ. ಮಂಗಳೂರು ಹಂಚಿನಲ್ಲಿ ಆ ತೊಂದರೆ ಕಮ್ಮಿ, ಆದರೆ ಸಂದಿಯಿಂದ ಬಿಸಿ ಸೋರುತ್ತೆ. ಎರಡರಲ್ಲಿ ಯಾವುದೇ ಹಾಕಿ, ಕೆಳಗೆ ಮರದ ಹಲಗೆಯದ್ದೋ ಬೇರೆ ಗಟ್ಟಿ ವಸ್ತುವಿನದ್ದೋ ಒಂದು ಒಳಮಾಡು ಇರಲಿ. ಥರ್ಮಾಕೋಲ್, ಪ್ಲಾಸ್ಟಿಕ್ ಶೀಟ್ ಖಂಡಿತ ಬೇಡ, ಬೆಂಕಿಗೆ ಅದೇ ತುಪ್ಪ. ಹಳೇ ಆಸ್ಬೆಸ್ಟಾಸ್ ಬಿದ್ದಿದೆ ಅಂತ ಕುಯ್ದು ಹಾಕೋದೂ ಬೇಡ, ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ ಆಗುತ್ತೆ.

ಒಳಮಾಡಿನಲ್ಲಿ ಮುಚ್ಚಿ ತೆಗೆಯೋ ಕಿಂಡಿ ಇರಬೇಕು. ಮೊದಲ ದಿನ ಶೀಟಲ್ಲಿ ನೀರು ಜಾಸ್ತಿ. ಕಿಂಡಿ ಪೂರ್ತಿ ತೆಗೆದು 40ರಿಂದ 45 ಡಿಗ್ರಿ ಸೆಲ್ಸಿಯಸ್ ಸಾಕು. ಆಮೇಲೆ ಕಿಂಡಿ ಸ್ವಲ್ಪ ಸ್ವಲ್ಪ ಮುಚ್ಚುತ್ತಾ ಬಿಸಿ ಏರಿಸಬಹುದು, 60 ದಾಟಬಾರದು. ದಾಟಿದರೆ ಶೀಟಲ್ಲಿ ಗುಳ್ಳೆ ಏಳುತ್ತೆ. ಇದನ್ನ ಕೈ ಅಂದಾಜಲ್ಲಿ ಮಾಡಬೇಡಿ. ಹೊರಗಿಂದಲೇ ಓದೋಕೆ ಆಗೋ ಥರ್ಮಾಮೀಟರ್ ಒಂದು ಹಾಕಿ.

ಶೀಟು ನೇತುಹಾಕೋಕೆ ನಯ ಮಾಡಿದ ಬಿದಿರು ಅಥವಾ ಅಡಕೆ ಮರದ ಸಲಾಕೆ. ತುಕ್ಕು ಹಿಡಿಯೋ ಕಬ್ಬಿಣದ ಸರಳು ಕಲೆ ಮಾಡುತ್ತೆ. ತಾಮ್ರ, ಹಿತ್ತಾಳೆ ಹತ್ತಿರವೂ ಬರಬಾರದು, ತಾಮ್ರ ತಾಗಿದ ರಬ್ಬರ್ ಬೇಗ ಹಾಳಾಗಿ ಅಂಟಂಟಾಗುತ್ತೆ. ಹಳೇ ಕರೆಂಟ್ ವೈರ್ ಎಳೆದು ಕಟ್ಟೋ ಉಪಾಯ ಇದ್ದರೆ ಬಿಟ್ಟುಬಿಡಿ. ಶೀಟನ್ನ ದಿನಾ ಒಂದು ಸಲ ಸರಿಸಿ ಹಾಕಿ, ಇಲ್ಲಾಂದ್ರೆ ಸಲಾಕೆ ತಾಗಿದ ಕಡೆ ಗೆರೆ ಉಳಿಯುತ್ತೆ.

ಇನ್ನು ಒಲೆ. ಖರ್ಚು ಮಾಡೋದಾದರೆ ಇಲ್ಲಿ ಮಾಡಿ. ಒಲೆಯ ಬಾಯಿ ಹೊರಗಿರಲಿ. ಅಲ್ಲಿಂದ ನೆಲದಡಿಯ ಕಾಲುವೆಯಲ್ಲಿ ಹೊಗೆ ಒಳಗೆ ಬರಲಿ. ಹೊಗೆ ಏಳೋ ಬಾಯಿಗೆ ಕಿಡಿ ತಡೆಯೋ ಕಬ್ಬಿಣದ ಬಲೆ, ಅದರ ನೇರ ಮೇಲೆ ಶೀಟು ಬೇಡ. ಒಂದು ಶೀಟು ಜಾರಿ ಅಲ್ಲಿ ಬಿದ್ದರೆ ಸಾಕು. ರಬ್ಬರಿಗೆ ಬೆಂಕಿ ಹಿಡಿದರೆ ಒಂದು ಕೊಡ ನೀರಿಗೆ ಬಗ್ಗಲ್ಲ. ಆ ಕಾರಣಕ್ಕೇ ಮನೆ, ಹಟ್ಟಿ, ಬೈಹುಲ್ಲು, ಸೋಗೆ ರಾಶಿ, ಎಲ್ಲದರಿಂದ ದೂರ ಕಟ್ಟಿ. ನಮ್ಮಲ್ಲಿ ಮಳೆಗಾಲದ ಗಾಳಿ ನೈಋತ್ಯ, ಪಶ್ಚಿಮದಿಂದ ಬೀಸುತ್ತೆ, ಒಲೆಯ ಬಾಯಿ ಆ ಕಡೆಗಿರಬಾರದು.

ಉರಿಸೋಕೆ ಒಣ ಸೌದೆ, ತೆಂಗಿನ ಸಿಪ್ಪೆ, ಗೆರಟೆ. ಹಸಿ ಸೌದೆ ಇನ್ನಷ್ಟು ಆವಿಯನ್ನ ಒಳಗೆ ಕಳಿಸುತ್ತೆ, ಒಣಗಿಸೋ ಕೆಲಸ ಉಲ್ಟಾ ಆಗುತ್ತೆ. ಪೇಂಟ್ ಹಚ್ಚಿದ ಮರ, ಪ್ಲೈವುಡ್, ಪ್ಲಾಸ್ಟಿಕ್ ಯಾವುದೂ ಬೇಡ.

ಕೊನೆಗೆ ಬಾಗಿಲು. ಇದನ್ನ ಕೊನೆಗೆ ಇಟ್ಕೊಂಡಿದ್ದು ಮರೆಯಬಾರದು ಅಂತ. ಒಳಗೆ ಹೋಗೋ ಹೊಗೆಗೂಡಲ್ಲಿ ಜೀವಕ್ಕೆ ಅಪಾಯ ಕಣ್ಣುರಿಸೋ ಹೊಗೆಯಿಂದ ಮಾತ್ರ ಅಲ್ಲ, ಕಾರ್ಬನ್ ಮಾನಾಕ್ಸೈಡ್‌ನಿಂದ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಕಮ್ಮಿ ಇದೆ, ಬರೀ ಕೆಂಡ ಇದೆ ಅಂದಾಗಲೂ ಅದು ಇರುತ್ತೆ. ತಲೆನೋವು, ತಲೆಸುತ್ತು, ವಾಕರಿಕೆ ಬರೋ ಹೊತ್ತಿಗೆ ಕಾಲಲ್ಲಿ ಬಲ ಇರಲ್ಲ.

ಬಾಗಿಲು ಹೊರಗೆ ತೆರೆಯೋ ಹಾಗಿರಲಿ. ಚಿಲಕ ಒಳಗಿಂದಲೂ ತೆಗೆಯೋಕೆ ಬರಲಿ. ಒಳಗೆ ಹೋಗೋ ಮುಂಚೆ ಬಾಗಿಲು, ಕಿಂಡಿ ಎಲ್ಲ ತೆಗೆದು ಕಾಯಿರಿ. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗಿರಬೇಕು. ಒಳಗಿದ್ದವರು ಬಿದ್ದರೆ ಹಾಗೇ ನುಗ್ಗಬೇಡಿ. ಮೊದಲು ಬಾಗಿಲು, ಕಿಂಡಿ ಪೂರ್ತಿ ತೆಗೆದು, ಜನ ಕೂಗಿ, 112ಕ್ಕೆ ಫೋನ್ ಮಾಡಿ. ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಆನ್‌ಲೈನಲ್ಲಿ ಸಿಗುತ್ತೆ, ಒಳಗೆ ಕೆಲಸಕ್ಕೆ ಹೋಗೋರು ಜೊತೆಗೆ ಇಟ್ಕೊಳ್ಳಲಿ.

ಕೇಳ್ತಿರೋ ನೀವು ಮಂಗಳೂರಲ್ಲೋ ಬೆಂಗಳೂರಲ್ಲೋ ಕೆಲಸದಲ್ಲಿದ್ದು, ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಶೀಟು ಮಾಡ್ತಿದ್ದರೆ, ನಡುರಾತ್ರಿ ಎದ್ದು ಸೌದೆ ಹಾಕೋರು ಯಾರು ಅಂತ ಮೊದಲು ಯೋಚಿಸಿ. ಹೊರಗಿನ ಒಲೆ, ಹೊರಗೆ ಕಾಣೋ ಥರ್ಮಾಮೀಟರ್, ಹೊರಗೆ ತೆರೆಯೋ ಬಾಗಿಲು, ಈ ಮೂರು ಅವರಿಗೋಸ್ಕರ. ಬಜೆಟ್ ಕಮ್ಮಿ ಬಿದ್ದರೆ ಗೋಡೆಯ ಕಲ್ಲಲ್ಲಿ ಉಳಿಸಿ, ಇವುಗಳಲ್ಲಿ ಉಳಿಸಬೇಡಿ.

ಪಾಯ ತೋಡೋ ಮೊದಲು ಹತ್ತಿರದ ರಬ್ಬರ್ ಬೋರ್ಡ್ ಕಚೇರಿಗೆ ಹೋಗಿ ನಿಮ್ಮ ಶೀಟಿನ ಲೆಕ್ಕ ಹೇಳಿ, ಅದಕ್ಕೆ ತಕ್ಕ ನಕ್ಷೆ ಕೇಳಿ. ಈಗಾಗಲೇ ಕಟ್ಟಿರೋರು ಇದ್ದರೆ ನಿಮ್ಮ ಮಾಡಿಗೆ ಏನು ಹಾಕಿದ್ದೀರಿ, ಈ ಮಳೆಗಾಲ ಹನಿ ಬಿತ್ತಾ ಇಲ್ವಾ ಅಂತ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಲ ಎಲ್ಲರಿಗೂ ಕೇಳಿಸ್ತೀನಿ.