ಬಿಳಿಯ ಪುಡಿ ಮತ್ತು ಬೆಂಕಿಯ ಹದ



ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ನಮ್ಮಲ್ಲಿ ಎಷ್ಟೋ ಜನ ಡೊಂಬಿವಲಿ, ಅಂಬರನಾಥಗಳ ಕಾರ್ಖಾನೆಗಳ ನೆರೆಯಲ್ಲಿ ಮನೆ ಮಾಡಿದ್ದೇವೆ. ಅಲ್ಲಿ ಚರಂಡಿಯ ನೀರು ಬಣ್ಣಬಣ್ಣವಾಗಿ ಹರಿದುದನ್ನೂ ಕಂಡಿದ್ದೇವೆ. ಆ ಬಣ್ಣವನ್ನು ಬಿಸಿಲಿನಿಂದಲೇ ಕಳೆಯಬಹುದೆ? ಇದನ್ನು ಕುರಿತು ಎರಡು ಮಾತು.

ಗೋಡೆಯ ಬಿಳಿಯ ಬಣ್ಣದಲ್ಲಿರುವ ಟೈಟೇನಿಯಮ್ ಡೈಆಕ್ಸೈಡ್ ಒಂದು ದ್ಯುತಿವೇಗವರ್ಧಕ. ನೇರಿಳಾತೀತ ಕಿರಣ ಬಿದ್ದಾಗ ಅದರ ಇಲೆಕ್ಟ್ರಾನುಗಳು ಸ್ಥಾನ ಬಿಟ್ಟೇಳುತ್ತವೆ. ಆಗ ನೀರು, ಆಮ್ಲಜನಕಗಳಿಂದ ಹುಟ್ಟುವ ಉಗ್ರ ಕಣಗಳು ಬಣ್ಣದ ಅಣುಗಳನ್ನು ಒಡೆಯುತ್ತವೆ. ಪುಡಿ ಮಾತ್ರ ವ್ಯಯವಾಗದು. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಇದೇ ವಸ್ತುವಿನ ನೆರವಿನಿಂದ, ಬೆಳಕಿನ ಬಲದಿಂದ ನೀರನ್ನೇ ವಿಭಜಿಸಿದ ವರದಿ ಪ್ರಕಟಿಸಿದ ಮೇಲೆ ಲೋಕದ ಗಮನ ಇತ್ತ ಹರಿಯಿತು.

ಆದರೆ ಪೇಟೆಯ ಬಿಳಿಯ ಪುಡಿಯೆಲ್ಲ ಈ ಕೆಲಸಕ್ಕೆ ಬಾರದು. ಹಿಟ್ಟು ಒಂದೇ ಆದರೂ ಕಾವಲಿಯ ಕಾವು ತಪ್ಪಿದರೆ ದೋಸೆ ಕೆಡುವುದೆಂಬುದು ಹೋಟೆಲು ನಡೆಸುವ ನಮ್ಮವರಿಗೆ ಗೊತ್ತು. ಇಲ್ಲಿಯೂ ಹಾಗೆಯೇ. ಕಾವು ಸಾಲದಿದ್ದರೆ ಪುಡಿ ಸರಿಯಾಗಿ ಹರಳುಗಟ್ಟದು. ಹದವಾಗಿದ್ದರೆ ಅನಟೇಸ್ ಎಂಬ ಚುರುಕಾದ ಹರಳಾಗುವುದು. ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಮಾನ್ಯವಾಗಿ ರೂಟೈಲ್ ಎಂಬ ಬೇರೆ ರೂಪಕ್ಕೆ ತಿರುಗತೊಡಗುವುದು. ಕಣಗಳು ಬೆಸೆದು ದಪ್ಪವಾಗಿ, ಬಣ್ಣದ ಅಣುಗಳು ಬಂದು ತಗಲುವ ಮೈ ಕುಗ್ಗುವುದು.

ಈ ಹದವನ್ನು ನಮ್ಮ ನಾಡಿನಲ್ಲಿಯೇ ಶೋಧಿಸಿದವರಿದ್ದಾರೆಂಬುದು ಹೆಮ್ಮೆಯ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಸಿ. ಪಾಟೀಲರು ದ್ರಾವಣವನ್ನು ಉರಿಸಿ ಆಕ್ಸೈಡುಗಳನ್ನು ಪಡೆಯುವ ಕ್ರಮವನ್ನು ಬೆಳೆಸಿದರು. ಅದೇ ಕ್ರಮದಲ್ಲಿ ಎಂ. ಎಸ್. ಹೆಗ್ಡೆ, ಗಿರಿಧರ್ ಮದ್ರಾಸ್ ಮತ್ತು ಸಂಗಡಿಗರು ಟೈಟಾನಿಲ್ ನೈಟ್ರೇಟಿಗೆ ಗ್ಲೈಸಿನ್ ಎಂಬ ಇಂಧನ ಬೆರೆಸಿ, 350 ಡಿಗ್ರಿಯ ಕುಲುಮೆಯಲ್ಲಿಟ್ಟರು. ಥಟ್ಟನೆ ಹೊತ್ತಿ ಆರುವ ಆ ಉರಿಯಲ್ಲಿ ಕಣಕ್ಕೆ ಬೆಳೆಯಲು ಹೊತ್ತೇ ಸಿಗದು. 8ರಿಂದ 10 ನ್ಯಾನೋಮೀಟರಿನ ಅನಟೇಸ್ ದೊರೆಯಿತು. ಬಿಸಿಲಿನಲ್ಲಿ ನೇರಿಳಾತೀತದ ಪಾಲು ನೂರಕ್ಕೆ ಸುಮಾರು ಐದು ಮಾತ್ರ. ಈ ಪುಡಿಯಾದರೋ ಇಂಧನದ ಇಂಗಾಲವನ್ನು ತನ್ನೊಳಗಿಟ್ಟುಕೊಂಡು, ಕಣ್ಣಿಗೆ ಕಾಣುವ ಬೆಳಕನ್ನೂ ಹೀರಿತು. ಮೆಥಿಲೀನ್ ಬ್ಲೂ ಬಣ್ಣವನ್ನು ಕಳೆಯುವುದರಲ್ಲಿ ಡೆಗುಸ್ಸಾ ಪಿ-25 ಎಂಬ ಹೆಸರಾಂತ ಪುಡಿಯನ್ನೂ ಮೀರಿಸಿತೆಂದು 2004ರಲ್ಲಿ ಪ್ರಕಟಿಸಿದರು.

ಪ್ರಯೋಗಶಾಲೆಯ ಗಾಜಿನ ಪಾತ್ರೆ ಬೇರೆ, ನಮ್ಮ ನಾಲೆ ಬೇರೆ. ಕದಡಿದ ನೀರಿನಲ್ಲಿ ಬೆಳಕು ಇಳಿಯದು. ನುಣ್ಣನೆಯ ಪುಡಿಯನ್ನು ಮರಳಿ ಸೋಸುವುದೂ ಸುಲಭವಲ್ಲ. ಆದ್ದರಿಂದ ಕೊಳೆಯನ್ನು ಹೊರಬಿಡದಿರುವ ಹೊಣೆಯಿಂದ ಕಾರ್ಖಾನೆಯವರಿಗೆ ಬಿಡುಗಡೆಯಿಲ್ಲ.

ಮಾಟುಂಗ, ಪವಾಯಿಗಳಲ್ಲಿ ರಸಾಯನ ಕಲಿಯುವ ನಮ್ಮ ಮಕ್ಕಳು ಯಾವ ವಸ್ತುವೆಂದಷ್ಟೇ ಕೇಳದಿರಲಿ. ಎಷ್ಟು ಕಾವಿನಲ್ಲಿ, ಎಷ್ಟು ಹೊತ್ತು, ಯಾವುದರೊಡನೆ ಬೆಂದುದೆಂದೂ ಕೇಳಲಿ. ತಿಳಿದುದನ್ನು ಕನ್ನಡದಲ್ಲಿ ನಮಗೂ ಹೇಳಲಿ. ನೀರು ತಿಳಿಯಾಗಬೇಕೆಂಬ ಆಸೆ ನಮ್ಮೆಲ್ಲರದಲ್ಲವೆ?